ಮೂರನೇ ಕಲಮಿಗೆ ತಿದ್ದುಪಡಿ

ಬೆಟಗೇರಿಯ ಗ್ಯಾರೇಜಿನ ಶಟರು ಅರ್ಧ ಇಳಿಸಿ
ಕುಂತೇವಿ ಏಳು ಮಂದಿ.
ನಡುವ ಪೇಪರಿನ ಮ್ಯಾಲ ಮಿರ್ಚಿ, ಆರಿದ ಚಾ,
ಹೋದ ವರ್ಷದ ನಿಯಮದ ಹಾಳಿ,
ಅದಕ್ಕೂ ಎಣ್ಣಿ ಹತ್ತೇತಿ.

ನಾನು ಟೈಮು ಬರ್ಯಾಂವ.
ವಾರವೆಲ್ಲ ಮಂದಿ ಗಡಿಯಾರದ ಹೊಟ್ಟಿ ಬಿಚ್ಚಿ
ಕೂದಲದಂಥ ಸ್ಪ್ರಿಂಗು ಕೂಡಸಾಂವ,
ರವಿವಾರ ಗಾಳಿ ಫ್ಯಾನಿನ ಬುಡಕ ಕುರ್ಚಿ ಹಾಕ್ಕೊಂಡು
ಎರಡು ಕೈಯಾಗ ಎರಡು ವಾಚು ಹಿಡದು
ಬೈಕಿನ ಹಾದಿ ಕಾಯಾಂವ.

ನಿಯಮ ಸರಳ ಇತ್ತು.
ನಿಮಿಷಕ್ಕೊಬ್ಬನ್ನ ಬಿಡೂದು, ಒಬ್ಬಗ ಒಂದ ಸುತ್ತು,
ಕಡಿಮಿ ಟೈಮಿನಾಂವ ಮುಂದ ನಿಲ್ಲೂದು.
ರಾತ್ರೋರಾತ್ರಿ ಇಂಜಿನ್ ಬದಲಿಸಿದರ ಐದು ಜಾಗ ಹಿಂದ.
ಮೂರನೇ ಕಲಮು: ಹಳದಿ ನಿಶಾನಿ ಕಂಡರ ನಿಧಾನ,
ಇಲ್ಲಾಂದ್ರ ಐದನೂರು ದಂಡ.
ಹಿಂದ ನಿಂತಾಂವ ಎರಿಮಣ್ಣಿನ ಧೂಳು ತಿಂತಾನ.
ಅಂವಗ ಮಧ್ಯಾಹ್ನದ ರೇಸು
ಮುಂಜಾನೇನ ಮುಗದಿರತೈತಿ.

ಬೇವಿನಗಿಡದ ತಿರುವಿನಾಗ ಯಮನೂರಿ ಬಿದ್ದ,
ಕಾಲ ಮ್ಯಾಲ ಬೈಕು, ಬೈಕಿನ ಗಾಲಿ ಇನ್ನೂ ತಿರಗತಿತ್ತು.
ಹಿಂದ ಬಂದ ದಾವಲ ಗಾಡಿ ನಿಲ್ಲಿಸಿದ.
ಹೆಲ್ಮೆಟ್ ಬಿಚ್ಚಲಿಲ್ಲ, ಏನೂ ಒದರಲಿಲ್ಲ,
ಚೀಲ ಎಳದಂಗ ಎಳದು ಬದುವಿಗೆ ಕುಂದರಿಸಿದ.
ಅವನ ಹಿಂದ ಚನ್ನವೀರ
ಬೀಸೋ ನಿಶಾನಿ ಮುಂದ ಹಾದು, ಗೇರು ಇಳಿಸದ
ಒಂದು ನಿಮಿಷ ಮೂವತ್ತೆಂಟಕ್ಕ ಬಂದ.
‘ಬಿಸಲಿಗೆ ಬೆಳ್ಳಗಾಗಿತ್ತಲ್ಲೋ ಅರಿವಿ,
ಯಾರದೋ ಟವೆಲ್ ಅಂದಕೊಂಡೆ.’
ಹಿಂದಿನ ಕಿಸೇದಿಂದ ಐದನೂರು ತಗದು ಕೊಟ್ಟ,
ಮೊದಲ ಜಾಗದಾಗ ನಿಂತ,
ಹತ್ತು ಸಾವಿರ ಗೆದ್ದ.

ಕೊಟ್ರಪ್ಪ ಅಂದ: ದಂಡ ಸಾವಿರ ಮಾಡೋಣು.
ನರ್ಸ್ ಎಸ್ತರಕ್ಕ, ಮಿರ್ಚಿಯ ಬೀಜ ಕೆದರಿಕೋತ:
‘ರೊಕ್ಕ ಇದ್ದಾಂವಗ ದಂಡ ಅಂದ್ರ ಟಿಕೀಟು.
ಜಾಗ ಕಸಗೊಳ್ರಿ.’
ನಿಂತಾಂವಗ ಇನ್ನೊಂದು ಸುತ್ತು ಕೊಡ್ರಿ, ಅಂದ ಒಬ್ಬ.
ಹಂಗಾದ್ರ ಟೈಮು ಕೆಟ್ಟಾವರೆಲ್ಲ ನಿಲ್ಲತಾರ, ಅಂದ ಇನ್ನೊಬ್ಬ,
ಬಿದ್ದಾವರಕಿಂತ ಎಬ್ಬಸಾವರ ಹೆಚ್ಚಾಗತಾರ.
ನಕ್ಕೇವಿ.
ನಕ್ಕ ಮ್ಯಾಲ ಸ್ವಲ್ಪ ಹೊತ್ತು
ಟ್ಯೂಬಲೈಟಿನ ಗುಂಯ್ ಅಷ್ಟ ಕೇಳತಿತ್ತು.

ಗಡಿಯಾರಕ್ಕ ಕಣ್ಣಿಲ್ಲ, ಅದ ಅದರ ನ್ಯಾಯ
ಅಂತ ಹೇಳಕೋತ ಬಂದಾಂವ ನಾನ.
ಹೇಳದ ಉಳದದ್ದು ಇಷ್ಟು:
ಆವತ್ತು ಎಡಗೈ ಚನ್ನವೀರನ್ನ ಬರೋಬ್ಬರಿ ಹಿಡೀತು,
ಬಲಗೈ ವಾಚು ದಾವಲಂದು.
ಯಮನೂರಿ ಎದ್ದನೋ ಇಲ್ಲೋ ಅಂತ
ಕುರ್ಚಿ ಮ್ಯಾಲ ಹತ್ತಿ ನಿಂತಿದ್ದೆ ನಾನು.
ದಾವಲ ಗೆರಿ ದಾಟಿದ್ದು ನೋಡಲೇ ಇಲ್ಲ.
ಹೆಬ್ಬೆರಳು ಒತ್ತೂದು ಮರತು
ಆಮ್ಯಾಲ ಅಂದಾಜಿಲೆ ಬರದೆ:
ನಾಲ್ಕು ನಿಮಿಷ ಹನ್ನೊಂದು ಸೆಕೆಂದು.
ಮಂದಿ ನಂಬಲಿ ಅಂತ
ಪಾಯಿಂಟ್ ಮೂರು ಅಂತನೂ ಬರದೆ.
ಹೆಂಗಿದ್ರೂ ಅಂವ ಕೊನೀಗೇ, ಖರೆ.
ಆದ್ರ ಆ ಮೂರು ನನ್ನದು.
ಅದಕ್ಕ ಎಷ್ಟು ಜಾಗ ಹಿಂದ?
ಯಾವ ಕಲಮಿನಾಗೂ ಸಿಗವಲ್ದು.

ಹನ್ನೊಂದಾಗಿತ್ತು ದಾವಲನ್ನ ಕರಸಿದಾಗ.
ನೂಲಿನ ಬಣ್ಣದ ಕಡಾಯಿ ಬಿಟ್ಟು ಬಂದಿದ್ದ,
ಮೊಣಕೈತನಕ ನೀಲಿ.
‘ಎಂಥಾ ಕಲಮು ಬರಿಯೋಣಪಾ?’
ಮಿರ್ಚಿ ಕೊಟ್ರ ಒಲ್ಲೆ ಅಂದ, ನಿಂತ ಮಾತಾಡಿದ:
‘ಜಾಗ ಕಸಗೊಳ್ಳೂದು ಬರ್ಕೊಳ್ರಿ, ಅದು ಬೇಕು.
ನಿಂತಾವರ ಸಲವಾಗಿ ಏನೂ ಬರೀಬ್ಯಾಡ್ರಿ.
ಮುಂದಿನ ಸಲ ಯಾರರ ಬಿದ್ದಾಗ
ಮೊದಲ ಕಲಮು ನೆನಪಾದೀತು ನನಗ.’
ಮೂಲ್ಯಾಗಿನ ನಿಶಾನಿ ತಗೊಂಡು, ಹಿಂಡಿ ನೋಡಿ,
‘ಇದನ್ನ ಒಯ್ಯತೇನಿ’ ಅಂತ ಶಟರಿನ ಕೆಳಗ ಬಗ್ಗಿ ಹೋದ.

ಶುಕ್ರವಾರ ಅಂಗಡಿಗೆ ತಂದು ಕೊಟ್ಟ.
ಕಣ್ಣಿಗೆ ಹೊಡಿಯೋ ಹಳದಿ, ಇನ್ನೂ ಪೂರಾ ಒಣಗಿರಲಿಲ್ಲ.
ಟವೆಲ್ ಅಂದಕೊಂಡೆ ಅಂತ ಇನ್ನ ಯಾರೂ ಅನ್ನಂಗಿಲ್ಲ.
ಮಡಚಿ ಇಡೂ ಮುಂದ ಬೆರಳಿಗೆ ಹತ್ತೇತಿ ಬಣ್ಣ,
ಸೀಮಿಎಣ್ಣಿ ಹಚ್ಚಿ ತಿಕ್ಕಿದ್ರೂ ಹೋಗವಲ್ದು.

ನಾಡದು ರವಿವಾರ
ಈ ಹೆಬ್ಬೆರಳಿಲೇನ ಒತ್ತಬೇಕು.