ಲಂಗರು

ಕಿವಿಮ್ಯಾಕಿ. ಇಲ್ಲಿಯ ಮಾತಿನಲ್ಲಿ ಕಿವಿ ಎಂದರೆ ಕಲ್ಲು,
ಮ್ಯಾಕಿ ಎಂದರೆ ಗುಡ್ಡ.
ಗುಡ್ಡವೂ ದೇವರು ಇಟ್ಟದ್ದಲ್ಲ,
ಗಣಿಯವರು ಐವತ್ತು ವರ್ಷ ಅಗೆದು ಸುರಿದ ಕಸ.
ಐವತ್ತೆಂಟು ಮೀಟರು; ಹಿಮ ಚೆನ್ನಾಗಿ ಬಿದ್ದ ವರ್ಷ ಅರವತ್ತು.
ಏರಲು ನಾಲ್ಕು ನಿಮಿಷ, ಇಳಿಯಲು ನಲವತ್ತು ಸೆಕೆಂಡು,
ಟಿಕೆಟ್ಟಿನ ಜೊತೆಗೆ ಒಂದು ಲೋಟ ಬಿಸಿ ಹಣ್ಣಿನ ರಸ.

ಅಪ್ಪ ಇದೇ ಮೋಟಾರಿನಿಂದ ಜನರನ್ನು ನೆಲದೊಳಗೆ ಇಳಿಸುತ್ತಿದ್ದ.
ಗಣಿ ಮುಚ್ಚಿತು.
ಒಳಗಿಂದ ಬಂದದ್ದರ ಮೇಲೆ ಈಗ ನಾನು ಏರಿಸುತ್ತೇನೆ.
ಹಸಿರು ಗುಂಡಿ, ಕೆಂಪು ಗುಂಡಿ, ಒಂದು ಸಲಿಕೆ,
ತೇಪೆ ಹಾಕಿದ ಕೈಗವಸು. ಇಷ್ಟೇ ನನ್ನ ಸಂಸಾರ.

ಕುರ್ಚಿಯ ಲಿಫ್ಟು ಇಲ್ಲ ನಮ್ಮಲ್ಲಿ.
ಹಗ್ಗಕ್ಕೆ ತೂಗುಬಿದ್ದ ಮರದ ಲಂಗರುಗಳು,
ಒಂದೊಂದಕ್ಕೆ ಇಬ್ಬಿಬ್ಬರು.
ಕುಂಡೆಗೆ ತಾಗಿಸಿ ನಿಲ್ಲಬೇಕು, ಕೂರಬಾರದು.
ಕೂತವರು ಬಿದ್ದರು,
ಒಬ್ಬರು ಬಿದ್ದರೆ ಇನ್ನೊಬ್ಬರೂ ಬಿದ್ದಂತೆ.
ಹಡಗನ್ನು ನಿಲ್ಲಿಸುವುದು ಲಂಗರಂತೆ;
ಸಮುದ್ರ ಕಾಣದ ನಮ್ಮೂರಲ್ಲಿ ಅದು ಎಳೆಯುತ್ತದೆ.

ಆ ಶನಿವಾರ ಸರದಿಯಲ್ಲಿ ಹನ್ನೊಂದು ಜನ,
ನಮಗೆ ಅದೇ ನೂಕುನುಗ್ಗಲು.
ಒಂಟಿಯಾಗಿ ಯಾರನ್ನೂ ಬಿಡುವಂತಿಲ್ಲ,
ಎಣಿಸಿ ಎಣಿಸಿ ಕಳಿಸುತ್ತಿದ್ದೆ.
ತಲೆ ಎತ್ತಿದರೆ ಎದುರಿಗೆ ಔಲಿಕ್ಕಿ.
ಪಕ್ಕದಲ್ಲಿ ರೇಯೊ.

ಬೇಲಿಯ ಮೇಲೆ ನಿಂತಿದ್ದ ಕೆಂಪು ಹಣ್ಣಿನ ಮರವನ್ನು
ಸೌನಾದ ಒಲೆಗೆ ಸೌದೆ ಮಾಡಿದವನು ಅವನು.
ಅವಳು ಊರಿನ ಟಪಾಲಿನವಳು.
ಆಮೇಲೆ ಎಂಟು ವರ್ಷ
ಅವನ ಕರೆಂಟು ಬಿಲ್ಲು, ಆಸ್ಪತ್ರೆಯ ಕಾಗದ, ಮಗಳ ಕಾರ್ಡು
ಒಂದೂ ನೆನೆಯದಂತೆ ತಲುಪಿಸಿದಳು,
ಮಾತು ಮಾತ್ರ ತಲುಪಿಸಲಿಲ್ಲ.
ಅವನೋ, ಎದೆ ಕೊಯ್ಸಿ ಹೊಲಿಸಿಕೊಂಡು ಬಂದು
ನಿಧಾನ ನಡೆಯಿರಿ ಎಂದ ಡಾಕ್ಟರ ಮೇಲಿನ ಸಿಟ್ಟಿಗೆ
ಅರವತ್ತೊಂದಕ್ಕೆ ಸ್ನೋಬೋರ್ಡು ಕೊಂಡವನು.

ನಾನು ಏನು ಮಾಡಲಿ? ಲಂಗರು ಬಂತು, ಕೊಟ್ಟೆ.

ಸ್ಕೀಯವರು ನೆಟ್ಟಗೆ ನೋಡಿಕೊಂಡು ಹೋಗಬಹುದು.
ಬೋರ್ಡಿನವನು ಅಡ್ಡ ನಿಲ್ಲಬೇಕು;
ಎಡಗಾಲು ಮುಂದಿದ್ದರೆ ಮುಖ ಬಲಕ್ಕೆ.
ಬಲಕ್ಕೆ ಔಲಿಕ್ಕಿ.
ಮುಖ ತಿರುಗಿಸಿಕೊಳ್ಳುವ ಸುಖ ಅವನಿಗಿಲ್ಲ.
ಅವನು ತೆಂಗಿನುದ್ದ ಎನ್ನೋಣವೆಂದರೆ ಇಲ್ಲಿ ತೆಂಗಿಲ್ಲ,
ಅವಳು ಅವನ ಕಂಕುಳಿಗೆ ಬರುತ್ತಾಳೆ,
ಕೋಲು ಅವನ ತೊಡೆಗೆ, ಅವಳ ಬೆನ್ನಿಗೆ,
ತೂಗಾಡುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ತಡೆಯುತ್ತ ಹೋದರು.

ಅರ್ಧ ದಾರಿಯಲ್ಲಿ, ಮೇಲೆ, ಕುಯ್ವಲೈನೆನ್‌ರ ಕಿರಿಮಗ ಬಿದ್ದ.
ಕೆಂಪು ಗುಂಡಿ.
ಗುಡ್ಡವೆಲ್ಲ ಗಪ್‌ಚಿಪ್.
ದೀಪಗಳ ಕೆಳಗೆ ಸಣ್ಣ ಹಿಮ, ಹಿಟ್ಟು ಜರಡಿ ಹಿಡಿದಂತೆ.
ಅವರಿಬ್ಬರೂ ಇಳಿಜಾರಿನ ನಡುವೆ ಭುಜಕ್ಕೆ ಭುಜ ಒತ್ತಿ,
ಬಿಟ್ಟರೆ ಇಬ್ಬರೂ ಜಾರಿ ನನ್ನ ಕಾಲಿಗೇ ಬರುವಂತೆ.

ಹುಡುಗ ಎದ್ದ. ಮೂಗೊರೆಸಿಕೊಂಡ. ಪಕ್ಕಕ್ಕೆ ಸರಿದ.
ನಾನು ಹಸಿರು ಗುಂಡಿಯ ಮೇಲಿನ ಹಿಮ ಒರೆಸಿದೆ.
ಇನ್ನೊಮ್ಮೆ ಒರೆಸಿದೆ.
ಕೆಳಗಿನವರು ಬೈದರು. ಗವಸು ಕಳಚಿ ಊದಿಕೊಂಡೆ.
ಮೇಲೆ ಅವನ ಬಾಯಿಂದ ಒಂದು ಸಣ್ಣ ಹಬೆ,
ತುಂಬ ಹೊತ್ತಿನ ಮೇಲೆ
ಅವಳ ಬಾಯಿಂದ ಒಂದು.
ಏನೆಂದು ನನಗೆ ಕೇಳಿಸಲಿಲ್ಲ.
ಗುಡ್ಡಕ್ಕೆ ಕೇಳಿಸಿರಬೇಕು.

ತುದಿಯಲ್ಲಿ ಬಿಟ್ಟುಕೊಂಡರು. ಅವಳು
ಅಗಲವಾದ ತಿರುವು ಹೊಡೆದು ಇಳಿದಳು,
ಹಳೆಯ ಕಾಲದ ಅಕ್ಷರ ಬರೆದಂತೆ.
ಅವನು ಹಿಮ್ಮಡಿಯಲ್ಲಿ ಕೆರೆಯುತ್ತ, ಎರಡು ಸಲ ಬಿದ್ದು ಬಂದ.
ಅವಳು ಕಾಯಲಿಲ್ಲ.

ನನ್ನ ಹತ್ತಿರ ಬಂದು ನಿಂತು ಕನ್ನಡಕ ಮೇಲೆತ್ತಿ
"ಮಗು ಎದ್ದು ಎಷ್ಟು ಹೊತ್ತಾಗಿತ್ತು?" ಎಂದಳು.

ನಾನು ಸಲಿಕೆ ತೆಗೆದುಕೊಂಡೆ.