ಜೋಮು

ಎಡಗಡೆಯ ಕೆಳದವಡೆ ಈಗ ನನ್ನದಲ್ಲ.
ಯಾರದೋ ಚರ್ಮದ ಚೀಲವೊಂದನ್ನು ಕೆನ್ನೆಗೆ ಹೊಲಿದು
ದಾರ ಕತ್ತರಿಸಲು ಮರೆತ ಹಾಗೆ
ತೂಗುತ್ತಿದೆ.
ಡಾಕ್ಟರ್ ರೀಜಾ ಹೇಳಿದ್ದಿಷ್ಟೆ: ಮೂರು ಗಂಟೆ.
ಬಿಸಿ ಕುಡಿಯಬೇಡಿ, ಕೆನ್ನೆ ಕಚ್ಚಿಕೊಳ್ಳಬೇಡಿ,
ಹತ್ತಿ ಉಗುಳಬೇಡಿ.
ಇಷ್ಟೂ ಬೇಡಿಗಳನ್ನು ಜೇಬಿಗೆ ತುಂಬಿಕೊಂಡು
ಮನಾಮದ ಬಿಸಿಲಿಗೆ ಇಳಿದೆ.

ಗಡಿಯಾರದಂಗಡಿಯ ಗಾಜಿನಲ್ಲಿ ನೋಡಿಕೊಂಡರೆ
ಮುಖ ಇದ್ದ ಹಾಗೇ ಇದೆ. ಅದೇ ಆಶ್ಚರ್ಯ.
ಮುಟ್ಟಿದರೆ ಬೆರಳಿಗೆ ತುಟಿ ಗೊತ್ತಾಗುತ್ತದೆ,
ತುಟಿಗೆ ಬೆರಳು ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಹದಿನಾಲ್ಕು ಅಬಾಯ ಬಾಕಿ, ಈದಿಗೆ ಐದು ದಿನ.
ಕೂತ ಕೂಡಲೇ ಇಪ್ಪತ್ತೆರಡು ವರ್ಷದ ಚಾಳಿ:
ಮೂರು ಗುಂಡುಸೂಜಿ ತೆಗೆದು ತುಟಿಗಿಟ್ಟೆ.
ಟಿಣ್. ಟಿಣ್.
ಮೂರನೆಯದೆಲ್ಲಿ ಎಂದು ಶಫೀಕುಲ್ ಹೆದರಿ
ನನ್ನ ಬಾಯಿಗೆ ಮೊಬೈಲಿನ ಬೆಳಕು ಬಿಟ್ಟು ಹುಡುಕಿದ.
ಅದು ಅಂಗಿಯ ಮಡಿಕೆಯಲ್ಲಿತ್ತು.

ದಾರದ ತುದಿ ನೆನೆಸಹೋದರೆ
ದಾರದ ಬದಲು ಗಲ್ಲ ನೆನೆಯಿತು,
ಕರಿ ಬಟ್ಟೆಯ ಮೇಲೆ ಇನ್ನೂ ಕರಿಯ ಒಂದು ಹನಿ.
ಸ್ಟ್ರಾದಲ್ಲಿ ನೀರು ಹೀರಿದೆ:
ಅರ್ಧ ನನಗೆ, ಅರ್ಧ ಕಾಲರಿಗೆ.
ಊರಿಗೆ ವಾಯ್ಸ್ ಕಳಿಸಿದೆ, ಹಲ್ಲು ಕಿತ್ತರು ಅಂತ.
ವಾರಿಜಳ ಉತ್ತರ ಮರುಕ್ಷಣವೇ ಬಂತು:
'ಹಗಲಲ್ಲೇ ಕುಡಿದಿದ್ದೀರಾ?'

ಅಳತೆ ಕೊಡಲು ಬಂದ ಮುದುಕಿ ಹೆಸರು ಕೇಳಿದಳು.
ಐತಪ್ಪ ಎನ್ನಹೋದೆ. ಐತಹ್ಹ ಎಂದಿತು ಗಾಳಿ.
ನಕ್ಕಳು, ಬುರುಕಿಯ ಸಂದಿಯಲ್ಲಿ ಕಣ್ಣು ಮಾತ್ರ,
ಚೀಲ ತಡಕಿ ಎರಡು ಲವಂಗ ಕೈಗಿಟ್ಟಳು.
ಮೊಳೆ, ಎಂದಳು.
ಇಲ್ಲಿಯವರು ಲವಂಗಕ್ಕೆ ಹಾಗೇ ಅನ್ನುವುದು.

ಮಿಷನ್ ತುಳಿಯುತ್ತ, ತುಟಿ ತಾಗದ ಮಾತು
ಯಾವುದಿದೆಯೆಂದು ಒಂದೊಂದಾಗಿ ಆಡಿ ನೋಡಿದೆ.
ಸರಿ.
ಆಗಲಿ.
ಇರಲಿ.
ನಾಳೆ.
ಎಲ್ಲ ಸಲೀಸು, ಎಣ್ಣೆ ಹಾಕಿದ ಚಕ್ರದ ಹಾಗೆ.
ಪಗಾರ ಬರುವುದಿಲ್ಲ. ಬಾಕಿ ಬರುವುದಿಲ್ಲ.
ಪಾಸ್‌ಪೋರ್ಟಂತೂ ಎರಡು ಕಡೆ ಜಾರುತ್ತದೆ.
ಬೇಕು ಆಗದು, ಬೇಡವೂ ಆಗದು,
ಮಗಳು ಎಂದರೆ ಬರೀ ಉಸಿರು.

ಸೂಜಿ ನಿಲ್ಲಿಸಿದೆ.
ಹಾಗಾದರೆ ನಾನು ಈ ಅಂಗಡಿಯಲ್ಲಿ
ಬೇಕಾದಾಗೆಲ್ಲ ಆಡಿದ್ದು ಈ ನಾಲ್ಕೇ ಮಾತು.
ಗುಂಡುಸೂಜಿ ಕಚ್ಚಿಕೊಂಡವನು ತುಟಿಪಿಟಕ್ಕೆನ್ನುವುದಿಲ್ಲವೆಂದು
ಎದುರಿಗೇ ಲೆಕ್ಕ ಮಾತಾಡಿದರು, ಎದುರಿಗೇ ಕಳೆದರು.
ರಮದಾನಿನ ಹೆಚ್ಚುವರಿ ಗಂಟೆಗಳನ್ನೂ.
ಸೂಜಿ ಮದ್ದು ಇಂದು ಬೆಳಿಗ್ಗೆಯದು.
ಜೋಮು ಯಾವಾಗಿನದು?

ಸಂಜೆ ಯಜಮಾನ ಬಂದ, ಬೀಗದ ಕೈ ತಿರುಗಿಸುತ್ತ.
ಹದಿನಾಲ್ಕೂ ಇವತ್ತೇ, ರಾತ್ರಿ ಕೂತರೆ ಆಗುತ್ತೆ, ಅಲ್ಲವೇ ಐತಪ್ಪ?
ಅಲ್ಲವೇ ಎಂದರೆ ಸರಿ ಅನ್ನುವುದು ರೂಢಿ.
ನಾಲಗೆಯೊಂದೇ ನನ್ನ ಹಿಡಿತದಲ್ಲಿತ್ತು.
ಅದು ಅಂಗುಳಕ್ಕೆ ತಾಗಿ ಬಿಟ್ಟಿತು:
ಲಾ.
ಶಫೀಕುಲನ ಕತ್ತರಿ ನಿಂತಿತು.
ಅವರ ಭಾಷೆಯಲ್ಲೂ ನಮ್ಮದರಲ್ಲೂ
ಇಲ್ಲ ಅನ್ನಲು ತುಟಿಯ ಹಂಗಿಲ್ಲ.
ನನಗೇ ಗೊತ್ತಿರಲಿಲ್ಲ.

ಇಂಜೆಕ್ಷನ್ನಿನ ಅಮಲು ಅಂದುಕೊಂಡನೋ ಏನೋ,
ಕೆನ್ನೆ ನೋಡಿ, ಹೋಗು, ಮಲಗು ಎಂದ.
ಅಂದುಕೊಳ್ಳಲಿ.

ಮಗ್ರಿಬಿನ ಬಾಂಗಿನ ಹೊತ್ತಿಗೆ
ತುಟಿಯ ಅಂಚಿನಲ್ಲಿ ಒಂದು ಇರುವೆ ನಡೆಯಿತು.
ಹಿಂದೆ ಇನ್ನೊಂದು, ಆಮೇಲೆ ಸಾಲು.
ಒಳಗೆಲ್ಲೋ ಕಚ್ಚಿಕೊಂಡಿದ್ದ ಕೆನ್ನೆಯ ಉಪ್ಪು ನಾಲಗೆಗೆ ಸಿಕ್ಕಿತು,
ಆಮೇಲೆ ಗುಳಿಯ ತಳದಿಂದ
ತಡವಾಗಿ ಬಂದ ನೆಂಟನ ಹಾಗೆ
ಚಪ್ಪಲಿ ಸಮೇತ ನೋವು.

ಮುದುಕಿಯ ಮೊಳೆಯೊಂದನ್ನು ತುಟಿಗಿಟ್ಟೆ. ನಿಂತಿತು.
ತೆಗೆದು, ಖಾಲಿ ರೂಮಿನಲ್ಲಿ ಮೆಲ್ಲಗೆ
ಪ ಎಂದೆ. ಬ ಎಂದೆ.
ಮಾಳಿಗೆಯ ಮಲಯಾಳಿ ಹುಡುಗ ಇಣುಕಿ ಕೇಳಿದ,
ಓದಲು ಕಲಿಯುತ್ತಿದ್ದೀಯಾ?