ಅಲ್ ಐನ್‌ನಲ್ಲಿ ಬೋಟಿ

ಬೆಳಗಿನ ನಾಲ್ಕಕ್ಕೆ ಕಸಾಯಿಖಾನೆಯ ಹಿಂಬಾಗಿಲಲ್ಲಿ
ಥರ್ಮಾಸು ಹಿಡಿದು ನಿಲ್ಲುತ್ತೇನೆ.
ಚಹಾದ್ದಲ್ಲ. ಒಳಗೆ ಉಪ್ಪುನೀರು, ಐಸು.
ಪೇಶಾವರದ ಗುಲ್‌ಜಮಾನ್ ಗೇಣುದ್ದ ಸಣ್ಣಕರುಳು ಕೊಯ್ದು
ಅದರೊಳಕ್ಕೆ ಇಳಿಬಿಟ್ಟು ದಿನವೂ ಕೇಳುತ್ತಾನೆ:
ಕಲೇಜಿ ಬೇಡವಾ? ಬರೀ ಇದೇನಾ?

ಬರೀ ಇದೇ.
ಪಕ್ಕದ ಸೀಟಿನಲ್ಲಿ ಕೂಸಿನ ಹಾಗೆ ಬೆಲ್ಟು ಕಟ್ಟಿ ಕೂರಿಸಿ
ಒಂದಾದ ಮೇಲೊಂದು ಸರ್ಕಲ್ಲು ಸುತ್ತಿ
ಬಾಂಗಿನ ಮೊದಲು ಎರಡು ಖರ್ಜೂರ, ಒಂದು ಲೋಟ ನೀರು,
ಲ್ಯಾಬು.

ಗಾಜಿನ ಕೊಳವೆಯಲ್ಲಿ ಮೂವತ್ತೇಳು ಡಿಗ್ರಿಯ ನೀರು,
ಅಡಿಯಿಂದ ಆಮ್ಲಜನಕದ ಗುಳ್ಳೆ.
ದಾರ ಕಟ್ಟಿ ಇಳಿಬಿಟ್ಟ ಎರಡು ಸೆಂಟಿಮೀಟರು
ಮೊದಲು ಮುನಿದು ಸುಮ್ಮನಿರುತ್ತದೆ.
ಹತ್ತು ನಿಮಿಷ. ಹದಿನೈದು.
ಆಮೇಲೆ ಪರದೆಯ ಗೆರೆ ಸಣ್ಣಗೆ ತಲೆ ಎತ್ತುತ್ತದೆ:
ಕುಗ್ಗಿತು, ಹಿಗ್ಗಿತು, ಕುಗ್ಗಿತು.
ಕುರಿ ಇಲ್ಲ. ಮಿದುಳಿಲ್ಲ. ಹಸಿವು ಯಾರದೋ.
ಕರುಳಿಗೆ ಮಾತ್ರ ತನ್ನ ಪಾಠ ಬಾಯಿಪಾಠ.

ಇದನ್ನು ನಾನು ಮೊದಲು ಕಂಡದ್ದು ಪುಸ್ತಕದಲ್ಲಲ್ಲ,
ಶಿಗ್ಗಾವಿಯ ಹಿತ್ತಲಲ್ಲಿ, ಅಲ್ಯೂಮಿನಿಯಂ ಬೋಗುಣಿಯಲ್ಲಿ.
ಬಸ್‌ಸ್ಟ್ಯಾಂಡಿನ ಅಂಗಡಿಗೆ ಅಮ್ಮಿ ಬೋಟಿ ತೊಳೆಯುತ್ತಿದ್ದಳು:
ಸುಣ್ಣ, ಬಿಸಿನೀರು,
ಒಳಗನ್ನು ಹೊರಗೆ ತಿರುವುವ ಜೋಳದ ದಂಟು.
ಒಂದು ತುಂಡು ನನ್ನ ಅಂಗೈಯಲ್ಲಿ ಮೆಲ್ಲಗೆ ತೆವಳಿತು.
ಚೀರಿದೆ.
"ಹೆದರಬ್ಯಾಡೋ, ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ" ಅಂದಳು.

ಸುದ್ದಿ ಮುಟ್ಟಿಸುವವರನ್ನೇ ಈಗ ಹುಡುಕುತ್ತಿದ್ದೇನೆ.
ಎರಡು ಸ್ನಾಯುಪದರಗಳ ನಡುವೆ
ಪದರ ಚಪಾತಿಯೊಳಗಿನ ಎಣ್ಣೆಯಷ್ಟು ತೆಳ್ಳಗೆ
ಒಂದು ನರಜಾಲ. ಅದರ ಕೋಶಗಳ ಹೊಸ್ತಿಲಲ್ಲಿ ಒಂದು ಪ್ರೋಟೀನು;
ಹೆಸರೆಂದು ಹೇಳಲು ಮೂರು ಅಕ್ಷರ, ಒಂದು ಅಂಕಿ.
ಮುದಿ ಕುರಿಗಳಲ್ಲಿ ಅದು ಸವೆಯುತ್ತದೆಂದು ಡಾಕ್ಟರ್ ಶಮ್ಮಾಗೆ ಅನುಮಾನ.
ಅನುಮಾನಕ್ಕೆ ಮೂರು ವರ್ಷದ ಅನುದಾನ.
ಹಸಿರು ಹೊಳಪಿನ ಆ್ಯಂಟಿಬಾಡಿ ರಾತ್ರಿಯಿಡೀ ತಡಕಾಡಿ
ಅದನ್ನೇ ಹುಡುಕಿ ಅಂಟಿಕೊಳ್ಳಬೇಕು.
ನಲವತ್ತೊಂದು ಸ್ಲೈಡು ಬರೀ ಕತ್ತಲು.
ನಲವತ್ತೆರಡನೆಯದರಲ್ಲಿ ಏನೋ ಮಿನುಗಿತು. ಧೂಳು.

ಮೈಕ್ರೋಸ್ಕೋಪಿನ ಕತ್ತಲ ಕೋಣೆಯಲ್ಲಿ, ಮೂರು ಗಂಟೆಗೆ,
ನನ್ನ ಹೊಟ್ಟೆ ಗುರ್ರೆಂದದ್ದಕ್ಕೆ
ಖಾರ್ಟೂಮಿನ ಇಂತಿಸಾರ್ ನಕ್ಕಳು, ಅವಳದ್ದೂ ಗುರ್ರೆಂದಿತು.
ಖಾಲಿ ಕರುಳಲ್ಲೂ ಒಂದೂವರೆ ಗಂಟೆಗೊಮ್ಮೆ
ಒಂದು ಅಲೆ ಮೇಲಿಂದ ಕೆಳಗೆ ಕಸ ಗುಡಿಸಿ ಹೋಗುತ್ತದೆ.
ಉಂಡವರಲ್ಲಿಗೆ ಅದು ಬರುವುದಿಲ್ಲ.
ಹಸಿದವರ ಮನೆಯನ್ನಷ್ಟೇ ಗುಡಿಸುತ್ತದೆ.

"ಇಷ್ಟು ಓದಿ, ವಿಮಾನ ಹತ್ತಿ,
ಅಲ್ಲೂ ಬೋಟೀನ ತೊಳೀತಿ ಏನಪಾ?"
ಫೋನಿನಲ್ಲಿ ಅಮ್ಮಿ, ಹಿಂದೆ ಗಿರಾಕಿಗಳ ಗದ್ದಲ.
ಹೂಂ ಅಮ್ಮಿ. ಸುಣ್ಣ ಹಾಕೂದಿಲ್ಲ, ಅಷ್ಟ.

ಸಂಜೆ. ಎಲ್ಲರೂ ಇಫ್ತಾರಿಗೆ ಹೋಗಿದ್ದಾರೆ.
ಕಿಟಕಿಯಾಚೆ ಜಬಲ್ ಹಫೀತ್ ಸುಟ್ಟ ರೊಟ್ಟಿಯ ಬಣ್ಣ.
ಮಧ್ಯಾಹ್ನ ಕಟ್ಟಿದ ತುಂಡು ಕೊಳವೆಯಲ್ಲಿ ಇನ್ನೂ
ಕುಗ್ಗುತ್ತ ಹಿಗ್ಗುತ್ತ, ಇಲ್ಲದ ಹುಲ್ಲನ್ನು
ಇಲ್ಲದ ಕಡೆಗೆ ನೂಕುತ್ತಿದೆ.
ಅಳತೆ ಮುಗಿದಿದೆ. ನಲ್ಲಿ ತಿರುವಿದರೆ ನೀರು ಬಸಿಯುತ್ತದೆ.
ಸುದ್ದಿ ಮುಟ್ಟಿಸಬೇಕಾದವನು ನಾನೇ.

ಬಾಂಗು ಆಯಿತು.
ಖರ್ಜೂರ ಬಾಯಿಗಿಟ್ಟುಕೊಂಡೆ.
ನಲ್ಲಿ, ಇನ್ನೈದು ನಿಮಿಷ ಬಿಟ್ಟು.